ಬಾವಡಿ ಮಸೂತಿಯ ದಕ್ಷಿಣದ ಗೋಡೆ

ಬಸಲಿಂಗಯ್ಯ ಎರಡನೆಯ ಬಕೆಟ್ಟನ್ನು ಎತ್ತಿ ತಂದು ಪರದೆಯ ಕೆಳಗಿನಿಂದ ಒಳಗೆ ಸರಿಸಿದ. ಬಿಸಿನೀರಿನ ಹಬೆ ಅವನ ಕನ್ನಡಕದ ಮೇಲೆ ಕೂತಿತು. ಪರದೆಯ ಆಚೆ, ಹಿತ್ತಲಿನಲ್ಲಿ, ಹಲಗೆಯ ಮೇಲೆ ಮಲಗಿಸಿದ್ದ ಬುಡ್ಡೇಸಾಬನ ಮೈಯನ್ನು ಅವನ ತಮ್ಮ ಪೀರಸಾಬ ಮತ್ತು ಮಗ ಫಯಾಜ ತೊಳೆಯುತ್ತಿದ್ದರು.

"ಇನ್ನೊಂದ ಬಕೀಟ ತರ್ಲೇನು, ಪೀರಸಾಬ?"

"ಬ್ಯಾಡ್ರಿ ಅಯ್ಯಾರ, ಸಾಕು." ಒಳಗಿನವನು ತುಸು ತಡೆದು, "ಇದಕ್ಕಿಂತ ಹೆಚ್ಚ ಸುರುವಿದ್ರ ಅಣ್ಣ ಎದ್ದ ಕುಂತು ಬೈತಾನ" ಎಂದ.

ಯಾರೋ ಮೂಗಿನಲ್ಲೇ ನಕ್ಕ ಸದ್ದಾಯಿತು. ಫಯಾಜನೇ ಇರಬೇಕು. ಆಮೇಲೆ ತಂಬಿಗೆಯ ನೀರು ಬೀಳುವ ಸದ್ದು ಮುಂದುವರಿಯಿತು.

ಬಸಲಿಂಗಯ್ಯ ಕನ್ನಡಕ ಒರೆಸಿಕೊಳ್ಳುತ್ತ ಮುಂಬಾಗಿಲಿಗೆ ಬಂದ. ಬೆಳಿಗ್ಗೆ ನಿಡೋಣಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಸುದ್ದಿ ಬಂದಿತ್ತು. ಲೋಟ ಅಲ್ಲೇ ಇಟ್ಟು ಎದ್ದವನು ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಜೋರಾಪುರ ಪೇಟೆಗೆ ಬಂದು ಮುಟ್ಟಿದ್ದ. ಇಪ್ಪತ್ತೆಂಟು ವರ್ಷ ಅವನೂ ಬುಡ್ಡೇಸಾಬನೂ ಈ ಊರಿನ ನೀರಿನ ಖಾತೆಯಲ್ಲಿ ವಾಲ್‌ಮನ್ ಆಗಿದ್ದರು. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು, ಒಂದೇ ಸೈಕಲ್ಲಿನ ಮೇಲೆ ಓಣಿ ಓಣಿ ತಿರುಗಿ, ನೀರು ಬಿಟ್ಟ ಕಡೆ 'ಕಮ್ಮಿ ಬಿಟ್ಟಿರಿ' ಎಂದೂ ಬಿಡದ ಕಡೆ 'ನಮ್ಮನ್ನ ಮರತ್ರೇನು' ಎಂದೂ ಬೈಸಿಕೊಂಡಿದ್ದರು. ನಿವೃತ್ತಿಯಾಗಿ ಹನ್ನೆರಡು ವರ್ಷ. ಬಸಲಿಂಗಯ್ಯ ಊರಿಗೆ ಹೋಗಿ ಮಗನ ಜೊತೆ ಹೊಲಮನೆ ನೋಡಿಕೊಂಡ. ಬುಡ್ಡೇಸಾಬ ಪೇಟೆಯಲ್ಲೇ ಉಳಿದ.

ಮನೆಯ ಮುಂದೆ ಬಟ್ಟೆಯ ಚಪ್ಪರದ ಕೆಳಗೆ ಜನ ಕೂತಿದ್ದರು. ಬಸಲಿಂಗಯ್ಯ ಒಂದು ಕುರ್ಚಿ ಎಳೆದುಕೊಂಡ. ಅವನ ಹಿಂದೆ ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಸೈಫುದ್ದೀನ ಸೇಠ ಬರ್ತಾರಂತೇನು?"

"ಮಸೂತಿ ಕಮಿಟಿ ಅಧ್ಯಕ್ಷ ಅದಾರ, ಬರದ ಬಿಡ್ತಾರೇನು? ಬಂದ್ರ ಏನ ಅಂತಾರ, ಅದನ್ನ ನೋಡಬೇಕು."

"ಶನಿವಾರ ಮಸೂತಿ ಅಂಗಳದಾಗಿನ ಆ ನೀರಿನ ಗುಂಡಿ ಮುಚ್ಚೋದು ಖರೇನ?"

"ಕಮಿಟ್ಯಾಗ ಠರಾವ ಆಗೇತಿ. ಗುಂಡಿ ಮುಚ್ಚಿ, ಗಿಡದ ಬುಡಾನೂ ಬಂದ್ ಮಾಡಿ, ಮೊದಲಿನಂಗ ಅಂಗಳ ತುಂಬ ಫರಸಿ ಕಲ್ಲ ಹಾಕ್ತಾರಂತ. ಪಾಪ, ಹತ್ತ ಹನ್ನೆರಡ ವರ್ಷ ಮೈ ಮುರದ ಮಾಡಿದ್ದ ಮನಷಾ."

ಕಫನದ ಬಿಳಿ ಬಟ್ಟೆ ತೊಡಿಸಿದ ಮೇಲೆ ಫಯಾಜ ಹೊರಗೆ ಬಂದು ಬಸಲಿಂಗಯ್ಯನ ಪಕ್ಕ ಕೂತ. ನಲವತ್ತು ದಾಟಿದವನು, ತಿಕೋಟಾದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಒದ್ದೆಯಾದ ತೋಳನ್ನು ಇಳಿಸಿಕೊಳ್ಳುವುದನ್ನೂ ಮರೆತಿದ್ದ.

"ಕಾಕಾ, ನಮಾಜಕ್ಕಿಂತ ಮೊದಲ ನಾ ಎಲ್ಲಾರ ಮುಂದ ನಿಂತು ಅಬ್ಬಾನ ಪರವಾಗಿ ಮಾಫಿ ಕೇಳಬೇಕು. ಯಾರಿಗೆರ ನೋವ ಆಗಿದ್ರ ಮನಸ್ನಾಗ ಇಟಗೋಬ್ಯಾಡ್ರಿ ಅಂತ. ರಿವಾಜ ಐತಿ."

"ಕೇಳು. ಅದಕ್ಕೇನಾತು?"

"ಸೇಠ ಎದ್ದ ನಿಂತು, ಮಸೂತಿ ಗ್ವಾಡಿ ಹಾಳ ಮಾಡಿದಂವಗ ನಾ ಹೆಂಗ ಮಾಫ್ ಮಾಡ್ಲಿ ಅಂದ್ರ?" ಫಯಾಜ ತನ್ನ ಅಂಗೈ ನೋಡಿಕೊಂಡ. "ಅಬ್ಬಾ ದವಾಖಾನ್ಯಾಗ ಕಡೀಕ ಕಡೀಕ ಬ್ಯಾರೆ ಮಾತ ಆಡ್ಲಿಲ್ಲ. ಅಲ್ಲಾನ ಮನಿಗೆ ನನ್ನಿಂದ ಧಕ್ಕಿ ಆತೇನೋ ಫಯಾಜ, ಅದೊಂದ ಅಂತಿದ್ರು."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಬುಡ್ಡೇಸಾಬನ ಹೆಂಡತಿ ಶಹಜಾದಿ ಅಯ್ಯಾರನ್ನು ಕರೆಯುತ್ತಿದ್ದಾಳೆ ಎಂದು.

ಒಳಕೋಣೆಯ ಪರದೆಯ ಈಚೆ ಅವನು ನಿಂತ. ಆಚೆಯಿಂದ ಒಂದು ಸಲಾಕಿ ಹೊರಗೆ ಚಾಚಿತು. ನಾಲ್ಕು ಅಡಿ ಉದ್ದದ ತೆಳ್ಳನೆಯ ಕಬ್ಬಿಣ, ತುದಿಯಲ್ಲಿ ಹಿತ್ತಾಳೆಯ ಗುಂಡು. ಬಸಲಿಂಗಯ್ಯ ಎರಡೂ ಕೈಚಾಚಿ ಅದನ್ನು ತೆಗೆದುಕೊಂಡ. ನೆಲದೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಅವರು ಬಳಸುತ್ತಿದ್ದ ಸಲಾಕಿ ಅದು. ಒಂದು ತುದಿ ನೆಲಕ್ಕೆ ಊರಿ, ಹಿತ್ತಾಳೆಯ ಗುಂಡಿಗೆ ಕಿವಿ ಹಚ್ಚಿದರೆ ಮಣ್ಣಿನ ಕೆಳಗಿನ ನೀರು ಮಾತಾಡುತ್ತಿತ್ತು.

"ಅಯ್ಯಾರ ಬಂದ್ರ ಇದನ್ನ ಕೈಯಾಗ ಕೊಡು ಅಂದಿದ್ರು," ಶಹಜಾದಿಯ ದನಿ ಸಣ್ಣಗೆ ಬಂತು. "ಮೂರ ಸಲ ನಿಮಗ ಫೋನ ಹಚ್ಚಿಸಿದ್ರು."

"ಹೌದ್ರಿ ಭಾಬಿ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಬಸಲಿಂಗಯ್ಯನಿಗೆ ಹಗುರಾಗುತ್ತಿತ್ತು.

ಮೂರು ಸಲವೂ ಬುಡ್ಡೇಸಾಬ ಕೇಳಿದ್ದು ಒಂದೇ. "ಅಯ್ಯಾ, ನನ್ನ ಕಿವಿ ಹೋಗ್ಯಾವ. ನಿನ್ನೂ ಇನ್ನಾ ಛಲೋ ಅದಾವ. ಒಮ್ಮೆ ಬಂದು ಮಸೂತಿ ದಕ್ಷಿಣದ ಗ್ವಾಡಿ ಬುಡಕ ಸಲಾಕಿ ಇಟ್ಟ ಕೇಳು. ಶುಕ್ರವಾರ ಜನ ತುಂಬಿ ನಮಾಜಿಗೆ ಕೈಕಾಲ ತೊಳದು ವುಜೂ ಮಾಡ್ತಾರ, ಗುಂಡಿಗೆ ಅಷ್ಟ ನೀರ ಬೀಳತೈತಿ, ಮರುದಿನ ಗ್ವಾಡಿ ಹಸಿ ಆಗವಲ್ದು. ಬೀದಿ ನಳ ಬಂದ ಮರುದಿನ ಆಗತೈತಿ. ಏನೋ ಬ್ಯಾರೇನ ಐತಿ." ಮೊದಲ ಸಲ ಬಸಲಿಂಗಯ್ಯನಿಗೆ ಮೊಣಕಾಲು ಹಿಡಿದಿತ್ತು. ಎರಡನೆಯ ಸಲ ಮೊಮ್ಮಗಳ ಕುಬಸ. ಮೂರನೆಯ ಸಲ, "ಉಗಾದಿ ಆದ ಮ್ಯಾಲ ಬರ್ತೇನಿ ಬಿಡೋ, ಗ್ವಾಡಿ ಎಲ್ಲಿ ಓಡಿ ಹೋಗತೈತಿ" ಎಂದಿದ್ದ. ಉಗಾದಿ ಆಗಿ ಹದಿನೈದು ದಿನವಾಗಿತ್ತು.

*

ನಿವೃತ್ತಿಯಾದ ಮೊದಲ ಬೇಸಿಗೆಯಲ್ಲಿ ಬುಡ್ಡೇಸಾಬ ಮಸೂತಿಯ ಹಿಂದಿನ ಗಟಾರದ ಬಾಯಿಗೆ ಬಕೆಟ್ಟು ಹಿಡಿದು ನಿಂತಿದ್ದ.

ಮಸೂತಿ ಚಿಕ್ಕದು. ಮೂಲೆಯಲ್ಲೊಂದು ಹಳೆಯ ಬಾವಡಿ. ಇಳಿದು ಹೋಗುವ ಮೆಟ್ಟಿಲು, ತಳದಲ್ಲಿ ಒಣಗಿದ ಕೆಸರು, ಮೇಲೆ ಮುಚ್ಚಿದ ತಗಡು. ಆ ಬಾವಡಿಯಿಂದಲೇ ಮಸೂತಿಗೆ ಹೆಸರು. ಅಂಗಳದ ತುಂಬ ಫರಸಿ ಹಾಸಿದ್ದರು, ನಡುನಡುವೆ ಸಿಮೆಂಟು, ಒಂದು ಹುಲ್ಲುಕಡ್ಡಿಗೂ ಜಾಗವಿಲ್ಲ. ಏಪ್ರಿಲ್ ಬಂತೆಂದರೆ ಜೊಹರ್ ನಮಾಜಿಗೆ ಬಂದವರು ಗೇಟಿನಲ್ಲಿ ಚಪ್ಪಲಿ ಬಿಟ್ಟು, ಕಾದ ಕಲ್ಲಿನ ಮೇಲೆ ತುದಿಗಾಲಲ್ಲಿ ಓಡುತ್ತ ಒಳಗೆ ಸೇರುತ್ತಿದ್ದರು. ಮುದುಕರಲ್ಲಿ ಕೆಲವರು ಮಧ್ಯಾಹ್ನದ ನಮಾಜಿಗೆ ಬರುವುದನ್ನೇ ಬಿಟ್ಟಿದ್ದರು.

"ಒಂದ ನಮಾಜಿಗೆ ಹದಿನೆಂಟ ಕೊಡ, ಅಯ್ಯಾ!" ಅಂದು ಸಂಜೆ ಬುಡ್ಡೇಸಾಬ ಫೋನಿನಲ್ಲಿ ಕೂಗಿದ್ದ. "ಬರೇ ಕೈಕಾಲ ಮುಖ ತೊಳದ ನೀರು. ಸಾಬೂನ ಇಲ್ಲ, ಎಣ್ಣಿ ಇಲ್ಲ. ಹಂಗ ಗಟಾರಕ್ಕ ಹೊಂಟೈತಿ. ನಾವು ಇಪ್ಪತ್ತೆಂಟ ವರ್ಷ ಒಂದೊಂದ ಕೊಡಕ್ಕ ಮಂದೀ ಕಡೆ ಬೈಸ್ಕೊಂಡ್ವಿ."

ಬಸಲಿಂಗಯ್ಯ ಆಗ ಬಂದಿದ್ದ. ಇಬ್ಬರೂ ಸೇರಿ ವುಜೂ ಮಾಡುವ ಸಾಲಿನ ನಳಗಳನ್ನು ಬಿಚ್ಚಿ, ಸಣ್ಣ ಧಾರೆ ಬೀಳುವ ನಳ ಕೂಡಿಸಿದರು. ಗಟಾರಕ್ಕೆ ಹೋಗುತ್ತಿದ್ದ ನೀರನ್ನು ತಿರುಗಿಸಿ, ಅಂಗಳದ ಒಂದು ಬದಿಗೆ ಗುಂಡಿ ತೋಡಿ, ಕೆಳಗೆ ಜಲ್ಲಿಕಲ್ಲಿನ ಖಡಿ, ಅದರ ಮೇಲೆ ಇದ್ದಲಿ, ಮೇಲೆ ಉಸುಕು ತುಂಬಿದರು. ಅಲ್ಲಿ ಸೋಸಿದ ನೀರು ಕೊಳವೆಯಲ್ಲಿ ಹರಿದು ಗಿಡಗಳ ಬುಡಕ್ಕೆ ಹೋಗುವಂತೆ ಮಾಡಿದರು. ಆಗ ಗಿಡಗಳೇ ಇರಲಿಲ್ಲ. ಬುಡ್ಡೇಸಾಬ ಎರಡೆರಡು ಫರಸಿ ಕಿತ್ತು, ಬೇವು, ಹೊಂಗೆ, ಒಂದು ಹುಣಸಿ ಎಂದು ಒಂಬತ್ತು ಸಸಿ ಹಚ್ಚಿದ.

ಪೇಟೆಯವರು ಅವನನ್ನು ಕೆಲವು ದಿನ 'ಗಟಾರ ಬುಡ್ಡೇಸಾಬ' ಎಂದು ಕರೆದರು. ವುಜೂ ಮಾಡಿದ ನೀರನ್ನು ಹೀಗೆ ಬಳಸಬಹುದೋ ಬಾರದೋ ಎಂದು ಕೆಲವರು ಮೌಲಾನಾರ ಹತ್ತಿರ ಹೋದರು. ಮೌಲಾನಾ, "ಗಿಡಕ್ಕ ಹಾಕಿದ್ರ ಏನೂ ತಪ್ಪಿಲ್ಲ. ಪೋಲ ಮಾಡೋದ ತಪ್ಪು" ಎಂದು ಎರಡೇ ಮಾತಿನಲ್ಲಿ ಮುಗಿಸಿದರು.

ಮೂರನೆಯ ವರ್ಷ ಅವನು ಮಾಳಿಗೆಯ ಮಳೆನೀರನ್ನು ಬಾವಡಿಗೆ ಇಳಿಸಿದ. ಐದನೆಯ ವರ್ಷ ಬಾವಡಿಯ ಕೆಳಗಿನ ಮೆಟ್ಟಿಲು ಮುಳುಗಿತು. ನೋಡಲು ಪೇಟೆಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದರು. ಆಮೇಲೆ ರಮಜಾನಿನ ಇಫ್ತಾರಿಯಲ್ಲಿ ಪ್ಲಾಸ್ಟಿಕ್ ಲೋಟ ಬೇಡವೆಂದು ಹಟ ಹಿಡಿದ. "ಸ್ಟೀಲ್ ಗ್ಲಾಸ ತೊಳೆಯೋರ ಯಾರು?" ಎಂದರು. "ನಾ ಅದೇನಲ್ಲ" ಎಂದು ಮೂವತ್ತು ದಿನವೂ ತಾನೇ ಕೂತು ತೊಳೆದ. ಮರುವರ್ಷ ಇನ್ನೂರು ಸ್ಟೀಲ್ ಗ್ಲಾಸು ತಂದುಕೊಟ್ಟವನು ಸೈಫುದ್ದೀನ ಸೇಠನೇ. ಒಣದ್ರಾಕ್ಷಿಯ ವ್ಯಾಪಾರಿ, ಮಾತು ಒರಟು, ಕೈ ದೊಡ್ಡದು. ಆಗ ಅವರಿಬ್ಬರ ನಡುವೆ ವೈಮನಸ್ಸೇನೂ ಇರಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ದಕ್ಷಿಣದ ಗೋಡೆಯ ಗಿಲಾವು ಉಬ್ಬಿ ಉದುರತೊಡಗಿತು. ಗೋಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಬುಡ್ಡೇಸಾಬನ ಗುಂಡಿ ಇತ್ತು. ಗೋಡೆಯಲ್ಲಿ ಬಿರುಕು ಕಂಡ ದಿನ ಸೈಫುದ್ದೀನ ಜನರ ಮುಂದೆಯೇ ಕೇಳಿದ. "ನೀರ ಉಳಸ್ತೇನಿ ಅಂತ ಮಸೂತೀನ ಬೀಳಸ್ತೀರೇನು?"

ಅಂದಿನಿಂದ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡಿದರೂ ಮಾತಾಡಲಿಲ್ಲ.

*

ಬುಡ್ಡೇಸಾಬನನ್ನು ಹೊತ್ತ ಜನಾಜಾ ಮನೆಯಿಂದ ಹೊರಟಾಗ ಗಲ್ಲಿಯಲ್ಲಿ ನಳ ಬಂದಿತ್ತು. ಎಂಟು ದಿನದ ಮೇಲೆ ಬಂದ ನೀರು. ಬಾಗಿಲು ಬಾಗಿಲಿನಲ್ಲಿ ಕೊಡ, ಡ್ರಮ್ಮು, ಪೈಪು. ಜನಾಜಾ ಕಂಡಕೂಡಲೇ ಹೆಂಗಸರು ಕೊಡಗಳನ್ನು ಬದಿಗೆ ಸರಿಸಿ, ಸೆರಗು ಹೊದ್ದು ನಿಂತರು. ಒಬ್ಬಳು ಮುದುಕಿ, "ಹಾದಿ ಬಿಡ್ರೇ, ನಮ್ಮ ವಾಲ್‌ಮನ್ ಹೊಂಟಾನ" ಎಂದಳು.

ಬಸಲಿಂಗಯ್ಯ ಸಲಾಕಿಯನ್ನು ಕೋಲಿನಂತೆ ಊರುತ್ತ ಹಿಂದೆ ನಡೆದ.

ಮಸೂತಿಯ ಅಂಗಳಕ್ಕೆ ಅವನು ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ಗೇಟಿನಲ್ಲೇ ನಿಂತುಬಿಟ್ಟ. ಅವನು ನೋಡಿದ್ದಾಗ ಎರಡಾಳೆತ್ತರ ಇದ್ದ ಬೇವುಗಳು ಮಾಳಿಗೆ ದಾಟಿದ್ದವು. ಹೊಂಗೆ ಹೊಸ ಚಿಗುರಿನಲ್ಲಿತ್ತು. ಫರಸಿ ಈಗ ಗೋಡೆಯ ಬುಡದಲ್ಲಿ ಒಂದು ಪಟ್ಟಿ, ಗೇಟಿನಿಂದ ಒಂದು ದಾರಿ, ಅಷ್ಟೇ. ಉಳಿದದ್ದೆಲ್ಲ ಗುಡಿಸಿದ ಮಣ್ಣು. ಮುನ್ನೂರು ಜನ ಅಲ್ಲಿ ನಿಂತಿದ್ದರು, ಒಬ್ಬನೂ ತಲೆಯ ಮೇಲೆ ಕರ್ಚೀಫು ಹಾಕಿಕೊಂಡಿರಲಿಲ್ಲ. ಜೈನಾಪುರದಿಂದ ಬಂದ ನೆಂಟನೊಬ್ಬ ಪಕ್ಕದವನಿಗೆ, "ಹೊರಗ ಮೈ ಸುಡಾಕತ್ತೈತಿ, ಇಲ್ಲಿ ಏನ ತಂಪೋ ಮಾರಾಯಾ" ಎನ್ನುತ್ತಿದ್ದ.

ಸೈಫುದ್ದೀನ ತಾನೇ ಎದುರು ಬಂದ. ಎತ್ತರದ ಆಳು, ಬಿಳಿಯ ಜುಬ್ಬಾ, ಕಣ್ಣ ಕೆಳಗೆ ಕಪ್ಪು.

"ಅಯ್ಯಾರ, ಬಂದ್ರಿ ಛಲೋ ಆತು. ನೀವರ ನೋಡ್ರಿ." ಬಸಲಿಂಗಯ್ಯನ ಮೊಣಕೈ ಹಿಡಿದು ದಕ್ಷಿಣದ ಗೋಡೆಯ ಹತ್ತಿರ ಕರೆದುಕೊಂಡು ಹೋದ. ಸೊಂಟದೆತ್ತರದವರೆಗೂ ಗೋಡೆ ಕಪ್ಪಾಗಿತ್ತು. ಗಿಲಾವು ಮುಟ್ಟಿದರೆ ಪುಡಿಯಾಗುತ್ತಿತ್ತು. "ನನಗ ಅವರ ಮ್ಯಾಲ ಸಿಟ್ಟ ಇಲ್ಲ. ನಮ್ಮ ಅಜ್ಜನ ಕಾಲದ ಗ್ವಾಡಿ ಇದು. ನಾಳೆ ನಮಾಜ ಮಾಡಾಕತ್ತಾಗ ಮಂದಿ ಮ್ಯಾಲ ಬಿದ್ರ ನಾ ಯಾರಿಗೆ ಜವಾಬ ಕೊಡ್ಲಿ? ನೀವ ಹೇಳ್ರಿ."

ಸೇಠ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಗೋಡೆಯ ಬುಡದ ಕಲ್ಲುಕಟ್ಟೆಯ ಮೇಲೆ ಬಸಲಿಂಗಯ್ಯ ಕೂತ. ಅಂಗಳದಲ್ಲಿ ಜನಾಜಾ ಇಟ್ಟು, ಹಿಂದೆ ಸಾಲುಗಳು ನಿಂತವು. ಫಯಾಜ ಮುಂದೆ ಬಂದು ಜನರ ಕಡೆ ತಿರುಗಿದ. ಅವನ ದನಿ ಮೊದಲ ಸಾಲಿನ ಆಚೆ ಹೋಗಲಿಲ್ಲ. ಯಾರೋ "ಜೋರಾಗಿ ಹೇಳಪ್ಪಾ" ಎಂದರು.

"ನಮ್ಮ ಅಬ್ಬಾ... ಬುಡ್ಡೇಸಾಬರಿಂದ ಯಾರಿಗೆರ ನೋವ ಆಗಿದ್ರ, ಮಾತ್ನಾಗಾಗ್ಲಿ, ಕೆಲಸದಾಗಾಗ್ಲಿ, ದಯಮಾಡಿ ಮಾಫ್ ಮಾಡ್ರಿ."

"ಮಾಫ್ ಐತಿ, ಮಾಫ್ ಐತಿ" ಎಂದು ಸಾಲುಗಳಿಂದ ದನಿಗಳು ಎದ್ದವು. ಸೈಫುದ್ದೀನ ಮೊದಲ ಸಾಲಿನಲ್ಲೇ ಇದ್ದ. ಬಾಯಿ ತೆರೆಯಲಿಲ್ಲ. ಅವನ ಕಣ್ಣು ಒಮ್ಮೆ ದಕ್ಷಿಣದ ಗೋಡೆಗೆ ಹೋಗಿ ನೆಲಕ್ಕಿಳಿಯಿತು. ಅದನ್ನು ಎಲ್ಲರೂ ಕಂಡರು, ಫಯಾಜನೂ ಕಂಡ. ಮೌಲಾನಾ ಕೈಯೆತ್ತಿ ನಮಾಜು ಶುರುಮಾಡಿದರು.

"ಅಲ್ಲಾಹು ಅಕ್ಬರ್."

ಮುನ್ನೂರು ಜನ ಒಮ್ಮೆಲೇ ಸುಮ್ಮನಾದರು. ಗೇಟಿನ ಹೊರಗೆ ಬಂದು ನಿಂತಿದ್ದ ಆಟೋದವನೂ ಎಂಜಿನ್ ಆರಿಸಿದ. ಬಸಲಿಂಗಯ್ಯ ಸಲಾಕಿಯ ಹಿತ್ತಾಳೆಯ ಗುಂಡಿನ ಮೇಲೆ ಎರಡೂ ಕೈಯಿಟ್ಟು ತಲೆತಗ್ಗಿಸಿ ಕೂತಿದ್ದ. ಮೊದಲು ಅದು ಅಂಗೈಗೆ ತಾಗಿತು, ಸಣ್ಣ ನಡುಕದಂತೆ. ತನ್ನ ಕೈಯೇ ನಡುಗುತ್ತಿದೆ ಎಂದುಕೊಂಡ. ಎರಡನೆಯ ಸಲ 'ಅಲ್ಲಾಹು ಅಕ್ಬರ್' ಕೇಳುವ ಹೊತ್ತಿಗೆ, ನೋಡಿದವರಿಗೆ ಮುದುಕ ಕೋಲಿನ ಮೇಲೆ ತಲೆಯಿಟ್ಟು ದುಃಖಪಡುತ್ತಿದ್ದಾನೆ ಎನ್ನಿಸುವಂತೆ, ಕಿವಿಯನ್ನು ಗುಂಡಿಗೆ ಹಚ್ಚಿದ.

ಅವನ ಮೊಣಕಾಲು ಹೋಗಿದ್ದವು, ಕಣ್ಣು ಮಂದವಾಗಿದ್ದವು. ಕಿವಿ ಮಾತ್ರ ಹಾಗೆಯೇ ಇದ್ದವು. ಫರಸಿಯ ಕೆಳಗೆ, ಕಟ್ಟೆಯಿಂದ ಎರಡು ಮೊಳ ಆಚೆ, ಸಣ್ಣ ಸಂದಿನಿಂದ ಒತ್ತಿಕೊಂಡು ಬರುವ ನೀರಿನ ಸುಂಯ್ಯೆನ್ನುವ ಸದ್ದು. ಅವನು ತಲೆ ಎತ್ತಿ ಆ ಜಾಗ ನೋಡಿದ. ಆಮೇಲೆ ಗೋಡೆಯ ಮೂಲೆ, ಗಲ್ಲಿಯ ತಿರುವು, ಎದುರು ಮನೆಯ ಹಳೆಯ ಬಾಗಿಲು.

ಇಲ್ಲಿ ಒಂದು ನಳ ಇತ್ತಲ್ಲ.

*

ಇಪ್ಪತ್ತೆರಡು ವರ್ಷದ ಹಿಂದೆ ಮಸೂತಿಗೆ ಕಾಂಪೌಂಡು ಇರಲಿಲ್ಲ. ಗೋಡೆಯ ಬುಡದಲ್ಲಿ ಓಣಿಯ ಮಂದಿಗೆಲ್ಲ ಒಂದು ಬೀದಿ ನಳ ಇತ್ತು. ಒಂದು ಮಧ್ಯಾಹ್ನ ಹಿಂದೆ ಸರಿಯುತ್ತಿದ್ದ ಟ್ರ್ಯಾಕ್ಟರು ಅದನ್ನು ಬುಡಸಮೇತ ಮುರಿಯಿತು. ನೀರು ಆಳೆತ್ತರ ಚಿಮ್ಮಿತು. ಬುಡ್ಡೇಸಾಬನೂ ಬಸಲಿಂಗಯ್ಯನೂ ಓಡಿ ಬಂದರು. ಪೈಪಿನ ಬಾಯಿಗೆ ಹಾಕಲು ಬೂಚು ಇರಲಿಲ್ಲ. ಬಸಲಿಂಗಯ್ಯ ಜಾಲಿಯ ತುಂಡೊಂದನ್ನು ಚೂಪು ಮಾಡಿ, ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿ, ಪೈಪಿನ ಬಾಯಿಗೆ ಬಡಿದ. ನೀರು ನಿಂತಿತು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು.

"ಇದು ಇವತ್ತಿಗೆ ಆತು," ಬುಡ್ಡೇಸಾಬ ಹೇಳಿದ್ದ. "ನಾಳಿ ಬೂಚ ಹಾಕಬೇಕು."

"ನೀ ಮನಿಗೆ ಹೋಗು. ನಾಳಿ ನಾ ಬಂದ ಹಾಕ್ತೇನಿ" ಎಂದಿದ್ದ ಬಸಲಿಂಗಯ್ಯ.

ಮರುದಿನ ಅವನಿಗೆ ಊರಿನ ಇನ್ನೊಂದು ತುದಿಯ ಡ್ಯೂಟಿ ಬಂತು. ಹದಿನೈದು ದಿನ ಬಿಟ್ಟು ಈ ಕಡೆ ಬಂದಾಗ ಮಸೂತಿಯವರು ಕಾಂಪೌಂಡು ಕಟ್ಟಿ, ಅಂಗಳಕ್ಕೆ ಫರಸಿ ಹಾಸಿ ಮುಗಿಸಿದ್ದರು. ನಳ ಇದ್ದ ಜಾಗದ ಮೇಲೂ ಕಲ್ಲು ಕೂತಿತ್ತು. ಅವನಿಗೆ ಅದು ನೆನಪೇ ಆಗಲಿಲ್ಲ.

*

ನಮಾಜು ಮುಗಿದು ಜನ ಜನಾಜಾ ಎತ್ತಲು ಮುಂದಾದರು. ಬಸಲಿಂಗಯ್ಯ ಕಟ್ಟೆಯಿಂದ ಎದ್ದ. ಮಣ್ಣಿಗೆ ಹೊರಟವನನ್ನು ತಡೆಯುವುದು ಸರಿಯೋ ತಪ್ಪೋ ಅವನಿಗೆ ತಿಳಿಯಲಿಲ್ಲ. ಸುಮ್ಮನಿದ್ದು ಸಂಜೆ ಹೇಳಿದರೂ ನಡೆಯುತ್ತಿತ್ತು. ಆದರೆ ಫಯಾಜ ಚಟ್ಟದ ಕೋಲಿಗೆ ಕೈಹಾಕಿ ತಲೆತಗ್ಗಿಸಿ ನಿಂತ ರೀತಿ ನೋಡಿದ ಮೇಲೆ ಅವನ ಕಾಲು ನಿಲ್ಲಲಿಲ್ಲ. ಸಾಲು ಸೀಳಿಕೊಂಡು ಸೈಫುದ್ದೀನನ ಹತ್ತಿರ ಹೋದ.

"ಸೇಠರ, ಒಂದ ನಿಮಿಷ ಇತ್ತ ಬರ್ರಿ."

"ಈಗೇನ್ರಿ ಅಯ್ಯಾರ? ಮಣ್ಣ ಕೊಟ್ಟ ಬರೋಣು."

"ಒಂದ ನಿಮಿಷ. ನಿಮ್ಮ ಕಾಲ ಬೀಳ್ತೇನಿ, ಬರ್ರಿ."

ಸೈಫುದ್ದೀನ ಬಂದ. ಬಸಲಿಂಗಯ್ಯ ಫರಸಿಯ ಮೇಲೆ ಸಲಾಕಿ ಊರಿ ಹಿಡಿದ. ಸೇಠ ಬಗ್ಗಿ ಕಿವಿ ಹಚ್ಚಿದ. ಮೊದಲು ಹುಬ್ಬು ಗಂಟಾಯಿತು. ಆಮೇಲೆ ಒಂದು ಕೈಯಿಂದ ಇನ್ನೊಂದು ಕಿವಿ ಮುಚ್ಚಿಕೊಂಡ.

"ಸುಂಯ್ ಅಂತೈತಿ."

"ಗುಂಡಿ ನೀರಿಗೆ ಜೋರ ಇರಂಗಿಲ್ರಿ, ಅದು ಸಪ್ಪಳ ಮಾಡಂಗಿಲ್ಲ. ಇದು ಬೀದಿ ನಳದ ನೀರು. ಇಲ್ಲಿ ಒಂದ ಹಳೇ ಪೈಪ ಐತಿ. ಅದರ ಬಾಯಿಗೆ ಕಟಗಿ ಗೂಟ ಬಡದಂವಾ ನಾ. ನಾಳಿ ಬಂದು ಬೂಚ ಹಾಕ್ತೇನಿ ಅಂದಂವಾನೂ ನಾ. ಬಂದಿಲ್ಲ. ಬುಡ್ಡೇಸಾಬಂದ ಏನೂ ತಪ್ಪಿಲ್ಲ."

ಸೈಫುದ್ದೀನ ಅವನ ಮುಖವನ್ನೇ ನೋಡಿದ. "ಖಾತ್ರಿ ಅದೀರಿ?"

"ಅಗದ ನೋಡ್ರಿ."

ಸೇಠ ನೆಟ್ಟಗಾದ. ಜನಾಜಾದ ಹತ್ತಿರ ಹೋಗಿ ಫಯಾಜನ ಹೆಗಲ ಮೇಲೆ ಕೈಯಿಟ್ಟ. "ನನ್ನ ಕಡಿಂದ ಮಾಫ್ ಐತಿ, ಫಯಾಜ. ಉಳಿದದ್ದ ಬಂದ ಮ್ಯಾಲ ಮಾತಾಡೋಣು" ಎಂದು, ಮುಂದಿನ ಕೋಲಿಗೆ ತನ್ನ ಹೆಗಲು ಕೊಟ್ಟ. ಫಯಾಜನ ಎದೆಯಿಂದ ಒಂದು ಉಸಿರು ಹೊರಬಿದ್ದದ್ದು ನಾಲ್ಕು ಹೆಜ್ಜೆ ಹಿಂದಿದ್ದ ಬಸಲಿಂಗಯ್ಯನಿಗೂ ಕೇಳಿಸಿತು.

ಖಬರಸ್ತಾನದಲ್ಲಿ ಬಸಲಿಂಗಯ್ಯ ತನ್ನ ಸರದಿ ಬಂದಾಗ ಮೂರು ಹಿಡಿ ಮಣ್ಣು ಹಾಕಿದ. ಬಾಯಲ್ಲಿ 'ಶಿವ ಶಿವಾ' ಎಂದು ಬಂತು. ಯಾರೂ ಏನೂ ಅನ್ನಲಿಲ್ಲ. ಮಣ್ಣು ಹಾಕುವಾಗಲೂ ಅವನ ಮನಸ್ಸು ಗೋಡೆಯ ಬುಡದಲ್ಲೇ ಇತ್ತು. ಕಿವಿ ಮೋಸ ಮಾಡಿದ್ದರೆ? ಅಗೆದಾಗ ಒಣ ಮಣ್ಣು ಬಂದರೆ? ಆಗ ಬುಡ್ಡೇಸಾಬನ ಹೆಸರು ಎರಡನೆಯ ಸಲ ಕೆಡುತ್ತದೆ, ಅದೂ ಅವನು ಮಣ್ಣಿಗೆ ಸೇರಿದ ದಿನವೇ.

ಮೂರು ಗಂಟೆಗೆ ಎಲ್ಲರೂ ಮರಳಿ ಮಸೂತಿಗೆ ಬಂದರು. ಸಾಮಾನ್ಯವಾಗಿ ಚದುರಿ ಹೋಗುವ ಜನ ಹೋಗಲಿಲ್ಲ. ಪೀರಸಾಬ ಹಾರೆ, ಸನಿಕೆ ತಂದ. ಬಸಲಿಂಗಯ್ಯ ತೋರಿಸಿದ ಎರಡು ಫರಸಿಗಳನ್ನು ಎಬ್ಬಿಸಿದರು. ಮೇಲಿನ ಮಣ್ಣು ಒಣಗಿತ್ತು. ಬಸಲಿಂಗಯ್ಯ ಒಂದು ಹಿಡಿ ತೆಗೆದು ಹಿಚುಕಿ ನೋಡಿದ. ಒಂದು ಅಡಿ ಹೋದ ಮೇಲೆ ಮಣ್ಣಿನ ಬಣ್ಣ ಬದಲಾಯಿತು, ಸನಿಕೆಗೆ ಅಂಟಿ ಬರತೊಡಗಿತು. ಎರಡು ಅಡಿಗೆ ಕೆಸರು. ಸೈಫುದ್ದೀನ ಪೀರಸಾಬನ ಕೈಯಿಂದ ಸನಿಕೆ ತೆಗೆದುಕೊಂಡು ತಾನೇ ಗುಂಡಿಗಿಳಿದ. ಸ್ವಲ್ಪ ಹೊತ್ತಿಗೆ ಅವನ ಜುಬ್ಬಾದ ಮೇಲೆ ಸಣ್ಣಗೆ ನೀರು ಚಿಮ್ಮಿತು.

"ಸಿಕ್ತು!" ಎಂದ ಪೀರಸಾಬ.

ತುಕ್ಕು ಹಿಡಿದ ಪೈಪಿನ ಬಾಯಲ್ಲಿ ಕರಿಯ ಗೂಟವಿತ್ತು. ಸುತ್ತಿದ್ದ ರಬ್ಬರು ಕರಗಿ ಎಳೆ ಎಳೆಯಾಗಿತ್ತು, ಅದರ ಸುತ್ತಲಿಂದ ನೀರು ಬೀಸಣಿಗೆಯಂತೆ ಹೊರಬಂದು ನೇರ ಗೋಡೆಯ ಪಾಯಕ್ಕೆ ಹೋಗುತ್ತಿತ್ತು. ಬಸಲಿಂಗಯ್ಯ ಒಬ್ಬನನ್ನು ಕರೆದುಕೊಂಡು ಗಲ್ಲಿಯ ತಿರುವಿಗೆ ಹೋಗಿ, ಅಲ್ಲಿದ್ದ ವಾಲ್ವಿನ ಮುಚ್ಚಳ ತೆಗೆಸಿ, ತಿರುವಿ ಬಂದ್ ಮಾಡಿದ. ಮರಳಿ ಬಂದಾಗ ನೀರು ನಿಂತಿತ್ತು. ಬುಡ್ಡೇಸಾಬನ ಸೋಸುಗುಂಡಿಯ ಕಡೆಯ ಮಣ್ಣನ್ನೂ ಅಗೆದು ನೋಡಿದರು. ಅದು ಗೋಡೆಗೆ ಬೆನ್ನು ಮಾಡಿ, ಗಿಡಗಳ ಕಡೆ ಮಾತ್ರ ಹಸಿಯಾಗಿತ್ತು.

ಸೈಫುದ್ದೀನ ಗುಂಡಿಯಿಂದ ಮೇಲೆ ಬಂದ. ಮೊಣಕಾಲವರೆಗೂ ಕೆಸರು.

"ಶನಿವಾರದ ಠರಾವ ರದ್ದ ಆತು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇಲ್ಲಿ ಬೂಚ ಹಾಕಿಸಿ ಗ್ವಾಡಿ ರಿಪೇರಿ ಮಾಡಸೋಣು. ಉಳಿದದ್ದು ಬುಡ್ಡೇಸಾಬರು ಹೆಂಗ ಮಾಡಿ ಇಟ್ಟಾರ, ಹಂಗ ಇರತೈತಿ. ನಳ ಬಂದ ಮರುದಿನ ಗ್ವಾಡಿ ಹಸಿ ಆಗತೈತಿ ಅಂತ ಅವ್ರು ನನಗ ಹೇಳಿದ್ರು. ನಿಮ್ಮ ಕಿವೀನ ಕೇಳಂಗಿಲ್ಲ, ನಿಮಗ ಹೆಂಗ ಗೊತ್ತಾತು ಅಂತ ನಾ ನಕ್ಕಿದ್ದೆ." ಕೈಯ ಕೆಸರು ಒರೆಸಿಕೊಳ್ಳುತ್ತ, "ನಡೀರಿ ಅಯ್ಯಾರ, ಮನಿಗೆ ಹೋಗಿ ಹೇಳಿ ಬರೋಣು" ಎಂದ.

ಶಹಜಾದಿ ಪರದೆಯ ಹಿಂದೆ ಅದೇ ಜಾಗದಲ್ಲಿ ಕೂತಿದ್ದಳು. ಸೈಫುದ್ದೀನ ಈಚೆ ನಿಂತು ನಡೆದದ್ದನ್ನೆಲ್ಲ ಹೇಳಿದ. "ನನ್ನದ ತಪ್ಪಾತು, ಭಾಬಿ" ಎಂದ.

"ಆ ಗೂಟ ನಾ ಬಡದದ್ರಿ ಭಾಬಿ," ಎಂದ ಬಸಲಿಂಗಯ್ಯ. "ಕರದಾಗೂ ಬರ್ಲಿಲ್ಲ."

ಶಹಜಾದಿ ಒಳಗಿನಿಂದ ಕೇಳಿದಳು. "ಗ್ವಾಡಿ ಗಟ್ಟಿ ಐತಲ್ರಿ?"

"ಐತ್ರಿ. ಪಾಯಕ್ಕೇನೂ ಆಗಿಲ್ಲ. ಗಿಲಾವ ಅಷ್ಟ ಹೋಗೇತಿ."

"ಅಷ್ಟ ಸಾಕು. ಅವ್ರಿಗೆ ಅದ ಚಿಂತಿ ಇತ್ತು." ಬಳೆ ಸರಿದ ಸದ್ದು. "ಅಯ್ಯಾರ, ನೀವ ಬಂದ್ರಲ್ಲ. ನೀವ ಬಂದ ಬರ್ತೀರಿ ಅಂತಿದ್ರು ನೋಡ್ರಿ." ಆಮೇಲೆ ಪಕ್ಕದಲ್ಲಿದ್ದ ಯಾರಿಗೋ ಹೇಳಿದಳು. "ನೆರೆಮನಿ ಕಾಶಿಬಾಯಿ ಅನ್ನ ಸಾರ ಕಳಿಸ್ಯಾಳಲ್ಲ, ಒಂದ ತುತ್ತ ಕೊಡವಾ ಇತ್ತ. ನಿನ್ನೆಯಿಂದ ಏನೂ ಉಂಡಿಲ್ಲ."

ಬಸಲಿಂಗಯ್ಯ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಬೆಳಗಿನಿಂದ ಅವನಿಗೆ ಅಳು ಬಂದಿರಲಿಲ್ಲ. ಅತ್ತು ಮುಗಿದ ಮೇಲೆ ಮೈ ಹಗುರಾಗಿ, ಹಸಿವಾಯಿತು. ಅವನಿಗೂ ಅನ್ನ ಬಡಿಸಿದರು.

ನಿಡೋಣಿಗೆ ಕೊನೆಯ ಬಸ್ಸು ಹಿಡಿಯಲು ಅವನು ಮಸೂತಿಯ ಮುಂದಿನಿಂದಲೇ ಹಾದ. ಫಯಾಜನಿಗೆ ಹೇಳಿ ಹೋಗೋಣವೆಂದು ಗೇಟಿನಲ್ಲಿ ನಿಂತ. ಸಂಜೆಯ ಅಸರ್ ನಮಾಜು ಆಗಲೇ ಮುಗಿದಿತ್ತು. ಹುಣಸಿಯ ಗಿಡದ ಕೆಳಗೆ, ಬರಿ ಮಣ್ಣಿನ ಮೇಲೆ, ಫಯಾಜ ತೋಳನ್ನು ದಿಂಬು ಮಾಡಿಕೊಂಡು ಬಿದ್ದಿದ್ದ. ನಾಲ್ಕು ದಿನ ಆಸ್ಪತ್ರೆಯ ಕುರ್ಚಿಯ ಮೇಲೆ ಕೂತು ಕಳೆದವನು, ಬಾಯಿ ತುಸು ತೆರೆದು, ಮಗುವಿನಂತೆ ನಿದ್ದೆಹೋಗಿದ್ದ. ಸಮಾಧಾನ ಹೇಳಲು ಬಂದವರು, ಕೈ ಕುಲುಕಿ ಹೋಗಬೇಕೆಂದವರು ಸುತ್ತ ಸೇರುತ್ತಿದ್ದರು. ಸೈಫುದ್ದೀನ ಸೇಠ, ಕೆಸರು ಒಣಗಿದ ಅದೇ ಜುಬ್ಬಾದಲ್ಲಿ, ಗಿಡದ ಮುಂದೆ ಕಾಲು ಅಗಲಿಸಿ ನಿಂತು, ತುಟಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯಿಂದ ಒಬ್ಬೊಬ್ಬರನ್ನೇ ಆಚೆಯ ದಾರಿಯಿಂದ ಮೆಲ್ಲಗೆ ಕಳಿಸುತ್ತಿದ್ದ.